ಹೇಳದೆ ಹೋಗುವ ನಿಯಮ

ಜುಲೈ ೯, ಮಂಗಳವಾರ
ಇಸ್ತ್ರಿ ಕೋಣೆಯಿಂದ

ಪ್ರೀತಿಯ ಗುಬ್ಬಿ,

ನೀನೂ ನಿನ್ನ ಯಜಮಾನರೂ ಮಗಳೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಕ್ಷಮಿಸು. ಕೆಲಸ ಹೆಚ್ಚಿತ್ತು ಎಂದು ಬರೆಯಬಹುದಿತ್ತು, ಆದರೆ ಈ ವಯಸ್ಸಿನಲ್ಲಿ ಸುಳ್ಳು ಹೇಳಿ ಪಾಪನಿವೇದನೆಗೆ ಇನ್ನೊಂದು ಬಾಬತ್ತು ಸೇರಿಸಿಕೊಳ್ಳುವುದೇಕೆ? ನಿನ್ನ ಕಾಗದ ಓದಿ ನನಗೆ ಸಿಟ್ಟು ಬಂದಿತ್ತು. ವರ್ಷಕ್ಕೊಂದು ಕಾರ್ಡಿನಲ್ಲಿ ಎರಡು ಸಾಲು ಗೀಚಿ ಕೈತೊಳೆದುಕೊಳ್ಳುತ್ತಿದ್ದವಳು ಈಗ ಪುಟಗಟ್ಟಲೆ ಬರೆದಿದ್ದೀಯ. ಅದೂ ಯಾತಕ್ಕೆ? ಮಗಳು ಒಂದು ವರ್ಷ ನಮ್ಮ ಮಠದಲ್ಲಿ ಸ್ವಯಂಸೇವಕಿಯಾಗಿ ಇರಬೇಕೆನ್ನುತ್ತಿದ್ದಾಳೆ, ಇಟ್ಟುಕೊಳ್ಳುತ್ತೀರಾ ಎಂದು ಕೇಳಲು. "ನಾನು ಬಿಟ್ಟು ಬಂದ ಜಾಗಕ್ಕೇ ಹೋಗ್ತೀನಿ ಅಂತ ಹಟ ಹಿಡಿದಿದಾಳೆ" ಎಂದು ಬೇರೆ ದೂರು.

ಹೂಂ ಅನ್ನಬೇಕೋ ಬೇಡವೋ ಎಂದು ಈ ವಾರದವರೆಗೂ ನನಗೇ ಗೊತ್ತಿರಲಿಲ್ಲ. ಮೊದಲು ಇಲ್ಲಿನ ಕಥೆ ಕೇಳು.

ಮಠ ಈಗ ನೀನಿದ್ದಾಗಿನಂತೆ ಇಲ್ಲ. ಹೊಸದಾಗಿ ಸೇರುವವರಿಲ್ಲ. ನಾವು ನೋಡಿಕೊಳ್ಳುವ ಅಜ್ಜಿಯರಿಗೂ ನಮಗೂ ವಯಸ್ಸಿನಲ್ಲಿ ಅಂಥ ವ್ಯತ್ಯಾಸವೇನೂ ಉಳಿದಿಲ್ಲ. ಮುಸುಕು ಹಾಕಿದವರು ಸಿಸ್ಟರ್, ಹಾಕದವರು ಅಜ್ಜಿ, ಅಷ್ಟೆ. ಹಾಗಾಗಿ ಪ್ರತಿವರ್ಷ ಕಾಲೇಜು ಮುಗಿಸಿದ ಹುಡುಗರು ಬಂದು ನೆರವಾಗುತ್ತಾರೆ. ಈ ಸಲ ಮೂವರು. ಇಬ್ಬರು ಹುಡುಗರಿಗೆ ನಾನು ಜೋಡೆತ್ತು ಎಂದು ಹೆಸರಿಟ್ಟಿದ್ದೇನೆ, ಒಬ್ಬ ಎತ್ತ ಹೋದರೆ ಇನ್ನೊಬ್ಬನೂ ಅತ್ತಲೇ. ಮೊದಲ ವಾರವೇ ನಮ್ಮ ಬಿಳಿ ಮುಸುಕುಗಳ ಜೊತೆ ತಮ್ಮ ಕೆಂಪು ಬನಿಯನ್ನು ಹಾಕಿ ಮಷೀನು ತಿರುಗಿಸಿದರು. ಆ ಭಾನುವಾರದ ಬಲಿಪೂಜೆಗೆ ನಾವೆಲ್ಲ ಗುಲಾಬಿ ಮುಸುಕಿನಲ್ಲಿ ಕೂತಿದ್ದೆವು. ಫಾದರ್ ಪ್ರಸಂಗದ ನಡುವೆ ಸುಮ್ಮಸುಮ್ಮನೆ ಕೆಮ್ಮುತ್ತಿದ್ದರು. ನಾನು ಹುಡುಗರಿಗೆ ಬೈದ ಬೈಗುಳ ಯಾವ ಪ್ರಾರ್ಥನಾಪುಸ್ತಕದಲ್ಲೂ ಇಲ್ಲ.

ಮೂರನೆಯವಳು ದಡಬಡ. ನಡೆದರೆ ದಡಬಡ, ಪಾತ್ರೆ ಇಟ್ಟರೆ ದಡಬಡ. ಬೆಳಗಿನ ಕೀರ್ತನೆಯಲ್ಲಿ ಸಾಲಿನ ನಡುವೆ ಎಲ್ಲರೂ ಒಂದು ಉಸಿರು ನಿಲ್ಲಬೇಕಲ್ಲ, ಇವಳು ನಿಲ್ಲುತ್ತಿರಲಿಲ್ಲ. ಪ್ರತಿ ಸಾಲಿನಲ್ಲೂ ನಮಗಿಂತ ಮೊದಲು ದೇವರ ಹತ್ತಿರ ಹೋಗಿ ನಿಂತಿರುತ್ತಿದ್ದಳು. "ಸ್ವಲ್ಪ ಉಸಿರಾಡೇ ತಾಯಿ" ಎಂದರೆ, "ಸಿಸ್ಟರ್, ಆ ಗ್ಯಾಪಲ್ಲಿ ನಂಗೆ ನಿದ್ದೆ ಬಂದ್ಬಿಡತ್ತೆ" ಎನ್ನುತ್ತಿದ್ದಳು. ಅವಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆದರೆ ಟೀಚರಮ್ಮನಿಗೆ ಅವಳೇ ಬೇಕು. ಟೀಚರಮ್ಮ ಎಂದರೆ ಕಿಟಕಿ ಪಕ್ಕದ ಹಾಸಿಗೆಯ ನಿವೃತ್ತ ಶಿಕ್ಷಕಿ. ಕಣ್ಣು ಹೋಗಿದೆ, ಕಾಲು ಹೋಗಿದೆ, ಬಾಯಿ ಮಾತ್ರ ಇನ್ನೂ ಹೆಡ್‌ಮಿಸ್ಟ್ರೆಸ್‌ದೇ. ಈ ಹುಡುಗಿಯ ಕೈಯಿಂದಲ್ಲದೆ ಗಂಜಿ ಕುಡಿಯುತ್ತಿರಲಿಲ್ಲ. ಹೋದ ಗುರುವಾರ ನಾವೆಲ್ಲ ಜಪಸರ ಹಿಡಿದು ಕೂತಿದ್ದಾಗ ಈ ಹುಡುಗಿ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಗೇಟು ದಾಟಿ, ಎರಡು ಬೀದಿ ಆಚೆಗಿನ ಅವರ ಹಳೇ ಶಾಲೆಯವರೆಗೆ ಕರೆದೊಯ್ದಳು. ಯಾರನ್ನೂ ಕೇಳಲಿಲ್ಲ. ಮಕ್ಕಳು ಮಗ್ಗಿ ಹೇಳುವುದನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡು ಟೀಚರಮ್ಮ ಮುಖ ಕೆಂಪಗಾಗಿ, ಖುಷಿಯಾಗಿ ಹಿಂತಿರುಗಿದರು. "ಏಳರ ಮಗ್ಗಿ ತಪ್ಪು ಹೇಳ್ಕೊಡ್ತಿದಾರೆ" ಎಂದು ಊಟದವರೆಗೂ ಗೊಣಗಿದರು.

ಮದರ್ ಹೆದರಿಹೋಗಿದ್ದರು. ಅಜ್ಜಿ ಬಿದ್ದಿದ್ದರೆ ಯಾರು ಹೊಣೆ? ಆ ಮಾತು ನನಗೂ ಸರಿಯೆನಿಸಿತು. ಬೈದರು, ನಾನೂ ಎರಡು ಸೇರಿಸಿದೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮರುದಿನ ನಾವು ಬಲಿಪೂಜೆಯಲ್ಲಿದ್ದಾಗ ವ್ಯಾನು ಹೊರಟ ಸದ್ದು ಕೇಳಿಸಿತು. ತಿಂಡಿಯ ಹೊತ್ತಿಗೆ ದಡಬಡಳ ಹಾಸಿಗೆ ಸುತ್ತಿಟ್ಟಿತ್ತು. ಯಾರಿಗೂ ಹೇಳದೆ ಹೋಗು ಎಂದು ಮದರೇ ಅಪ್ಪಣೆ ಮಾಡಿ ಕಳಿಸಿದ್ದರು.

ಟೀಚರಮ್ಮ ಬಾಯಿ ಬಿಗಿದುಕೊಂಡರು. "ಆ ಹುಡುಗಿ ಎಲ್ಲಿ?" ಬೆಳಿಗ್ಗೆ ನಾನು ಚಮಚ ಹಿಡಿದು ಕೂತೆ, ಮಧ್ಯಾಹ್ನ ಜೋಡೆತ್ತು ಕೂತವು. ಮರುದಿನವೂ ಅದೇ. "ನನ್ನ ಮೇಲೆ ಬೇಜಾರಾಗಿ ಹೋದ್ಲಾ? ನಾನು ಏನಾದ್ರೂ ಅಂದ್ನಾ?" ಎಂದು ಕಾಣದ ಕಣ್ಣನ್ನು ಬಾಗಿಲ ಕಡೆ ತಿರುಗಿಸಿ ಕೇಳುತ್ತಾರೆ ಗುಬ್ಬಿ. ನನಗೆ ತಲೆ ಕೆಟ್ಟುಹೋಯಿತು. ಮೌನದ ಊಟ ನಡೆಯುತ್ತಿತ್ತು. ನಾನು ನೇರ ಮೇಜಿನ ತುದಿಗೆ ಹೋಗಿ ಮದರ್ ಎದುರು ಗಂಜಿ ಬಟ್ಟಲು ಕುಕ್ಕಿದೆ.

"ಅವಳನ್ನ ಕಳಿಸಿದ್ರಿ, ಸರಿ. ಹೇಳದೆ ಯಾಕೆ ಕಳಿಸಿದ್ರಿ?"

"ಸಿಸ್ಟರ್, ಮೌನದ ಹೊತ್ತು."

"ಇರಲಿ. ಹೇಳದೆ ಯಾಕೆ ಕಳಿಸಿದ್ರಿ?"

"ನಮ್ಮ ಹಳೇ ಪದ್ಧತಿ ಅದೇ ಅಲ್ವಾ? ಹೋಗೋರು ಸದ್ದಿಲ್ಲದೆ ಹೋದ್ರೆ ಉಳಿಯೋರಿಗೆ ನೆಮ್ಮದಿ."

"ಯಾರಿಗೆ ನೆಮ್ಮದಿ, ಮದರ್? ಅಲ್ಲಿ ಬಂದು ನೋಡಿ ನೆಮ್ಮದೀನ. ಹೊಟ್ಟೆಗಿಲ್ಲದೆ ಬಿದ್ದಿದೆ."

ಎಲ್ಲರ ಚಮಚಗಳೂ ನಿಂತವು. ನನ್ನ ದನಿ ಮಾತ್ರ ಇಳಿಯಲಿಲ್ಲ. ಇಷ್ಟು ವರ್ಷ ವಿಧೇಯತೆಯ ವ್ರತ ಹಿಡಿದವಳು ಒಂದು ಬಟ್ಟಲು ಗಂಜಿಗಾಗಿ ಅದನ್ನು ಗಾಳಿಗೆ ತೂರಿದೆ. ಪಶ್ಚಾತ್ತಾಪ ಆಗಿಲ್ಲ, ಫಾದರಿಗೂ ಹಾಗೆಯೇ ಹೇಳಿದ್ದೇನೆ.

ಮದರ್ ಕೆಟ್ಟವರಲ್ಲ. ಎದ್ದು ಬಂದು ಟೀಚರಮ್ಮನನ್ನು ನೋಡಿದರು, ಆಮೇಲೆ ತಾವೇ ಫೋನು ಹಚ್ಚಿದರು. ಆ ಕಡೆಯಿಂದ ದಡಬಡ ಅಳುತ್ತಲೇ ಮಾತಾಡಿದಳು. "ಟೀಚರಮ್ಮ, ನಂಗೆ ಹೇಳಿ ಹೋಗೋಕೆ ಬಿಡ್ಲಿಲ್ಲ. ಹೋಗಿ ಬರ್ತೀನಿ ಅಂತ ಈಗ ಹೇಳ್ತಿದೀನಿ." ಮುದುಕಿ ಫೋನನ್ನು ಕೆನ್ನೆಗೊತ್ತಿಕೊಂಡು ಅತ್ತರು. ಕರೆ ಮುಗಿದ ಮೇಲೂ ಅತ್ತರು. ಆಮೇಲೆ ಬಾಯಿ ತೆರೆದರು, ಅರ್ಧ ಬಟ್ಟಲು ಇಳಿಯಿತು. "ನೋಡಿ, ಎಷ್ಟು ನೊಂದುಕೊಂಡ್ರು" ಎಂದು ಮದರ್ ಪಿಸುಗುಟ್ಟಿದರು. ನೊಂದುಕೊಳ್ಳಲಿ! ಅಳುವುದಕ್ಕೂ ಇವರ ಅಪ್ಪಣೆ ಬೇಕೇ?

ಈಗ ನಿನ್ನ ಪ್ರಶ್ನೆಗೆ ಉತ್ತರ. ಕಳಿಸು. ಇಸ್ತ್ರಿ ಮಾಡಲು ಬಾರದಿದ್ದರೆ ಕಲಿಸುತ್ತೇನೆ, ಕೀರ್ತನೆಯಲ್ಲಿ ನಿಲ್ಲದಿದ್ದರೆ ಬೈಯುತ್ತೇನೆ. ಬೇಡವೆನಿಸಿದ ದಿನ ಹೊರಡಲಿ, ಯಾರೂ ತಡೆಯುವುದಿಲ್ಲ. ಆದರೆ ಹಗಲು ಹೊತ್ತಿನಲ್ಲಿ, ಒಬ್ಬೊಬ್ಬರ ಮುಖ ನೋಡಿ ಹೇಳಿ ಹೋಗಬೇಕು. ಮದರ್ ಒಪ್ಪಿದ್ದಾರೆ. ಒಪ್ಪದೆ ಏನು ಮಾಡುತ್ತಾರೆ, ಅವರ ಮುಸುಕಿಗೂ ಇಸ್ತ್ರಿ ಹಾಕುವವಳು ನಾನೇ.

ದೇವರು ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ. ಯಜಮಾನರಿಗೆ ವಂದನೆ, ಮಗಳಿಗೆ ನನ್ನ ಆಶೀರ್ವಾದ.

ನಿನ್ನ,
ಒಣಮೆಣಸಿನಕಾಯಿ

ತಾ.ಕ.: ಕಾಗದ ಅಂಟಿಸಿಬಿಟ್ಟಿದ್ದೆ, ಮತ್ತೆ ಬಿಚ್ಚಿದ್ದೇನೆ. ನೀನು ಹೋದ ಬೆಳಿಗ್ಗೆ ಪ್ರಾರ್ಥನಾಲಯದಲ್ಲಿ ನಿನ್ನ ಜಾಗ ಖಾಲಿಯಿತ್ತು. ಜ್ವರವೇನೋ ಎಂದು ಬಿಸಿನೀರು ಹಿಡಿದು ನಿನ್ನ ಕೋಣೆಗೆ ಓಡಿದೆ. ನಾನು ಏನು ಅಂದೆ, ಯಾವ ಮಾತು ಚುಚ್ಚಿತು ಎಂದು ಆ ವರ್ಷವಿಡೀ ಹುಡುಕಿದೆ, ಯಾರನ್ನೂ ಕೇಳುವಂತಿರಲಿಲ್ಲ. ಹೇಳದೆ ಹೋಗುವ ನಿಯಮ ಇತ್ತು, ನನಗೂ ಗೊತ್ತು. ಆದರೆ ಮೌನದ ಹೊತ್ತಿನಲ್ಲಿ ಕಿಸಕ್ಕನೆ ನಕ್ಕವಳು ನೀನು. ಗೋಡೆ ಹತ್ತಿ ಪಕ್ಕದ ತೋಟದ ಸೀಬೆಹಣ್ಣು ಕದ್ದವಳು ನೀನು. ಒಬ್ಬರನ್ನೇ ಹೆಚ್ಚಾಗಿ ಹಚ್ಚಿಕೊಳ್ಳಬಾರದು ಎಂದು ಆಗಿನ ಮದರ್ ಗದರಿದ ದಿನವೇ ಮೆಟ್ಟಿಲಲ್ಲಿ ನನ್ನ ಕೈ ಹಿಡಿದು ಕೂತವಳು ನೀನು. ಮಠದ ಅಷ್ಟೂ ನಿಯಮಗಳಲ್ಲಿ ನೀನು ತಪ್ಪದೆ ಪಾಲಿಸಿದ್ದು ಹೇಳದೆ ಹೋಗುವ ಅದೊಂದನ್ನೇ. ಅದೂ ನನ್ನ ಮೇಲೆ.