ಮೂವತ್ತೆರಡು ಪುಟ ಓದಿದವನ ದೂರು

ಗ್ರಾಹಕರ ದೂರು ವಿಚಾರಣಾಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಕಚೇರಿ ನನ್ನ ಅರ್ಜಿಯನ್ನು ಕಳೆದ ಮಂಗಳವಾರ ಹಿಂದಿರುಗಿಸಿದೆ. ಮೂಲೆಯಲ್ಲಿ ಕೆಂಪು ಶಾಯಿಯ ಷರಾ: "ಅರ್ಜಿದಾರರು ನಮೂನೆಯನ್ನು ತಿದ್ದಿದ್ದಾರೆ. ಪರಿಗಣಿಸಲಾಗದು." ತಿದ್ದಿದ್ದು ನಿಜ. ತಿದ್ದುವುದೇ ನನ್ನ ಕಸುಬು. ಮೂವತ್ತೊಂದು ವರ್ಷಗಳಿಂದ ಒಂದು ಮುದ್ರಣಾಲಯದಲ್ಲಿ ಕರಡು ನೋಡುತ್ತಿದ್ದೇನೆ. ಅಲ್ಲಿ ನನ್ನ ಹೆಸರು ಯಾರಿಗೂ ನೆನಪಿಲ್ಲ, ಭೂತಗನ್ನಡಿ ಎಂದರೆ ಎಲ್ಲರೂ ನನ್ನ ಮೇಜಿನ ಕಡೆ ಬೆರಳು ತೋರಿಸುತ್ತಾರೆ. ಏಕೆ ತಿದ್ದಿದೆ ಎಂದು ವಿವರಿಸಲು ತಮ್ಮ ನಮೂನೆಯಲ್ಲಿ ಅರ್ಧ ಗೆರೆಯ ಜಾಗವೂ ಇಲ್ಲದ ಕಾರಣ ಊರೆಲ್ಲ ಓದುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನಗುವವರು ನಗಲಿ. ನಮ್ಮ ಮನೆಯಲ್ಲಿ ಆ ಕಾರ್ಯಕ್ರಮ ಈಗಾಗಲೇ ಮುಗಿದಿದೆ.

ಫೋನು, ಕಂಪ್ಯೂಟರು ಮಾಡುವ ಒಂದು ದೊಡ್ಡ ಕಂಪನಿ ಬ್ಯಾಂಕೊಂದರ ಜೊತೆ ಸೇರಿ ಕ್ರೆಡಿಟ್ ಕಾರ್ಡು ಹೊರತಂದಿತು. ಅದರ ಷರತ್ತುಗಳ ಪುಸ್ತಿಕೆ ಅಚ್ಚಿಗೆ ಬಂದದ್ದು ನಮ್ಮಲ್ಲಿಗೇ. ಮೂವತ್ತೆರಡು ಪುಟ, ಸಾಸಿವೆ ಗಾತ್ರದ ಅಕ್ಷರ. ನಾನು ಎರಡು ಸಲ ಓದಿದೆ: ಒಮ್ಮೆ ಮೊದಲಿಂದ ಕೊನೆಗೆ, ಒಮ್ಮೆ ಕೊನೆಯ ಪದದಿಂದ ಹಿಂದಕ್ಕೆ. ನಮ್ಮ ಕಸುಬಿನಲ್ಲಿ ಹೀಗೇ ಓದಬೇಕು. ಅರ್ಥದ ಬೆನ್ನು ಹತ್ತಿದರೆ ಕಣ್ಣು ತಪ್ಪುಗಳ ಮೇಲೆ ಹಾರಿ ಹೋಗುತ್ತದೆ. ಆದ್ದರಿಂದ ಅರ್ಥವನ್ನು ಬಾಗಿಲ ಹೊರಗೇ ನಿಲ್ಲಿಸಿ ಕೆಲಸ ಮಾಡುವುದು ನಮಗೆ ರೂಢಿ. ಇಪ್ಪತ್ತಮೂರು ತಪ್ಪು ಹಿಡಿದೆ. ಪ್ರತಿ ಪುಟದ ಅಡಿಯಲ್ಲಿ "ಓದಿದೆ, ಸರಿಯಿದೆ" ಎಂದು ಬರೆದು ಸಹಿ ಹಾಕಿದೆ. ಆ ಪುಸ್ತಿಕೆಯನ್ನು ಪೂರ್ತಿ ಓದಿದ ಏಕೈಕ ಜೀವಿ, ಅದನ್ನು ಬರೆದ ವಕೀಲರನ್ನೂ ಲೆಕ್ಕಕ್ಕೆ ಹಿಡಿದು, ಬಹುಶಃ ನಾನೇ. ಆ ಹೆಮ್ಮೆ ತಲೆಗೇರಿ, ಮರುವಾರವೇ ಕಾರ್ಡಿಗೆ ಅರ್ಜಿ ಹಾಕಿದೆ.

ಕಾರ್ಡಿನ ಒಳ್ಳೆಯ ಗುಣಗಳನ್ನು ಮುಚ್ಚಿಟ್ಟರೆ ಅನ್ಯಾಯವಾದೀತು. ವರ್ಷದ ಶುಲ್ಕವಿಲ್ಲ. ಪಾಯಿಂಟುಗಳು ತಿಂಗಳುಗಟ್ಟಲೆ ಕಾಯಿಸದೆ ಅಂದೇ ಬಂದು ಬೀಳುತ್ತವೆ. ಕಂಪನಿಯ ಮಳಿಗೆಯಲ್ಲಿ ಕೊಂಡರೆ ನೂರಕ್ಕೆ ಮೂರು, ಬೇರೆ ಕಡೆ ಫೋನು ತಾಗಿಸಿ ಕೊಟ್ಟರೆ ಎರಡು, ಕಾರ್ಡನ್ನೇ ಉಜ್ಜಿದರೆ ಒಂದು. ಯಾವುದಕ್ಕೆ ಎಷ್ಟು ಖರ್ಚಾಯಿತೆಂದು ಬಣ್ಣ ಬಣ್ಣದ ಉಂಗುರಗಳಲ್ಲಿ ತೋರಿಸುತ್ತದೆ. ಇನ್ನು ಅದರ ರೂಪವನ್ನು ಕೇಳಬೇಡಿ. ಬಿಳಿ ಲೋಹ, ಮೇಲೆ ಒಂದು ಅಂಕಿಯೂ ಇಲ್ಲ, ಮೇಜಿನ ಮೇಲೆ ಇಟ್ಟರೆ ಠಣ್ ಎನ್ನುತ್ತದೆ. ನಾನು ಅದನ್ನು ಬೇಕೆಂದೇ ಮೇಜಿನ ಮೇಲೆ ಬೀಳಿಸುತ್ತಿದ್ದೆ. ನಮ್ಮ ಬೈಂಡಿಂಗ್ ವಿಭಾಗದ ಹಿರಿಯರು ಎರಡು ದಿನ ಸಹಿಸಿಕೊಂಡು ಮೂರನೆಯ ದಿನ, "ಅದೇನ್ರೀ, ಕಾರ್ಡಾ ತಗಡಾ? ಜೇಬಲ್ಲಿ ಇಟ್ಕೊಳ್ಳಿ ಸ್ವಲ್ಪ" ಎಂದರು.

ಈಗ ನನ್ನ ಹೆಂಡತಿಯ ವಿಷಯ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಆಸ್ಪತ್ರೆಯೊಂದರಿಂದ ರೋಗಿಗಳ ಗೌನು ಹೊಲಿಯುವ ಕೆಲಸ ಸಿಕ್ಕಿತ್ತು, ತಿಂಗಳಿಗೆ ಇನ್ನೂರು ಗೌನು. ಹಳೆಯ ಕಾಲುಮೆಷಿನ್ನು ತುಳಿದು ತುಳಿದು ಅವಳ ಮಂಡಿ ಊದಿಕೊಳ್ಳುತ್ತಿತ್ತು. ಮೂರು ವರ್ಷ ಕೂಡಿಟ್ಟು ವಿದ್ಯುತ್ ಮೆಷಿನ್ನಿಗೆ ಬೇಕಾದ ಪೂರ್ತಿ ದುಡ್ಡನ್ನು ಅವಳು ಹೊಂದಿಸಿದ್ದಳು. ಅಂಗಡಿಗೆ ಹೊರಟವಳನ್ನು ತಡೆದವನು ನಾನು.

"ಪೂರ್ತಿ ದುಡ್ಡು ಯಾಕೆ ಸುರೀತೀಯ? ಕಾರ್ಡಲ್ಲಿ ತಗೊಳ್ಳೋಣ. ಹನ್ನೆರಡು ಕಂತು, ಬಡ್ಡಿ ಇಲ್ಲ. ಮೇಲೆ ಪಾಯಿಂಟ್ ಬೇರೆ."

"ದುಡ್ಡು ಕೈಯಲ್ಲಿದೆ, ಕೊಟ್ಟು ತಂದ್ರೆ ಮುಗೀತಲ್ಲ ರೀ. ಬಡ್ಡಿ ಇಲ್ಲ ಅಂತ ಎಲ್ಲಿದೆ?"

"ಹದಿನೇಳನೇ ಪುಟದಲ್ಲಿ. ನಾನೇ ನೋಡಿದ ಪುಟ."

ಅವಳು ಕೈಯಲ್ಲಿದ್ದ ಚೀಲ ಕೆಳಗಿಟ್ಟು, "ನೀವು ಓದಿದ್ದೀರಿ ಅಂದ್ರೆ ಸರಿ ಬಿಡಿ" ಎಂದಳು.

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಸಾಧಾರಣ ದಡ್ಡನಾಗಿ ಉಳಿಯುತ್ತಿದ್ದೆ. ಕಾರ್ಡು ಉಜ್ಜಿದರೆ ಒಂದೇ ಪಾಯಿಂಟು, ಫೋನು ತಾಗಿಸಿದರೆ ಎರಡು ಎಂದೆನಲ್ಲ. ನನ್ನ ಹಳೆಯ ಫೋನಿಗೆ ತಾಗಿಸುವ ವಿದ್ಯೆ ಬರುತ್ತಿರಲಿಲ್ಲ. ಮೆಷಿನ್ನಿನ ಮೇಲೆ ಎರಡು ಪಾಯಿಂಟು ಗಿಟ್ಟಿಸಬೇಕೆಂದು, ಅವಳು ಕೂಡಿಟ್ಟ ದುಡ್ಡನ್ನು ತೆಗೆದುಕೊಂಡು ಹೋಗಿ ಕಂಪನಿಯ ಮಳಿಗೆಯಲ್ಲಿ ಸುರಿದು ಹೊಸ ಫೋನು ತಂದೆ. ಸಂಬಳದಲ್ಲಿ ತಿಂಗಳು ತಿಂಗಳು ಮೆಷಿನ್ನಿನ ಕಂತು ಕಟ್ಟಿದರಾಯಿತು ಎಂಬುದು ನನ್ನ ಯೋಜನೆ. ಮರುದಿನ ಆ ಫೋನು ತಾಗಿಸಿ ಮೆಷಿನ್ನು ಕೊಂಡೆವು. ಹಳೆಯ ಕಾಲುಮೆಷಿನ್ನನ್ನು ಅಂಗಡಿಯವರು ಬದಲಿಗೆ ತೆಗೆದುಕೊಂಡರು. ದಾರಿಯುದ್ದಕ್ಕೂ ನನಗೆ ನನ್ನ ಬುದ್ಧಿಯ ಬಗ್ಗೆ ಎಂಥ ಅಭಿಮಾನವಿತ್ತೆಂದು ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಏಳು ತಿಂಗಳು ತಪ್ಪದೆ ಕಟ್ಟಿದೆ. ಪ್ರತಿ ತಿಂಗಳೂ ಬ್ಯಾಂಕಿನ ಲೆಕ್ಕಪಟ್ಟಿ ಬರುತ್ತಿತ್ತು, ನಾನು ಬಣ್ಣದ ಉಂಗುರ ನೋಡಿ ಸಂತೋಷಪಡುತ್ತಿದ್ದೆ. ಕನಿಷ್ಠ ಮೊತ್ತಕ್ಕಿಂತ ಹೆಚ್ಚೇ ಕಟ್ಟುತ್ತಿದ್ದುದರಿಂದ ಬ್ಯಾಂಕಿನವರೂ ತುಟಿ ಬಿಚ್ಚಲಿಲ್ಲ. ಎಂಟನೆಯ ತಿಂಗಳು ಮುದ್ರಣಾಲಯದಲ್ಲಿ ನನಗೆ ವಾರಕ್ಕೆ ಮೂರೇ ದಿನ ಕೆಲಸವಾಯಿತು. ಉಳಿದ ಕಂತುಗಳನ್ನು ಎಣಿಸೋಣವೆಂದು ಲೆಕ್ಕ ಬಿಚ್ಚಿದರೆ, ಐದು ಉಳಿಯಬೇಕಾದಲ್ಲಿ ಏಳೂವರೆ ಉಳಿದಿತ್ತು. ಮೊದಲ ತಿಂಗಳಿಂದಲೇ ಬಡ್ಡಿ ಬೆಳೆದಿತ್ತು.

ಹೆಂಡತಿಯ ತಮ್ಮ ಲಿಫ್ಟ್ ರಿಪೇರಿ ಮಾಡುತ್ತಾನೆ. ಅವನ ಹತ್ತಿರವೂ ಇದೇ ಕಾರ್ಡು ಇದೆ. ಬೇಕಾದ್ದನ್ನು ಮಾತ್ರ ಕೊಳ್ಳುತ್ತಾನೆ, ತಿಂಗಳ ಕೊನೆಗೆ ಪೂರ್ತಿ ಕಟ್ಟುತ್ತಾನೆ, ಒಂದು ಪೈಸೆ ಬಡ್ಡಿ ಕೊಟ್ಟವನಲ್ಲ. ನನ್ನ ಲೆಕ್ಕ ನೋಡಿ ಅವನು ಬೈಯಲಿಲ್ಲ. "ಭಾವ, ಪೂರ್ತಿ ಕಟ್ಟೋರಿಗೆ ಈ ಕಾರ್ಡು ಒಳ್ಳೇದೇ. ನನಗೆ ಬರೋ ಪಾಯಿಂಟೆಲ್ಲ ನಿಮ್ಮಂಥೋರು ಕಟ್ಟೋ ಬಡ್ಡಿಯಿಂದಲೇ ಬರೋದು" ಎಂದ. ನಾನು ಭಾಮೈದನಿಗೆ ಇಷ್ಟು ಉಪಕಾರ ಮಾಡುತ್ತಿದ್ದೇನೆಂದು ಅಲ್ಲಿಯವರೆಗೆ ನನಗೇ ತಿಳಿದಿರಲಿಲ್ಲ. ನನಗೆ ಸಿಕ್ಕ ಪಾಯಿಂಟುಗಳಿಂದ ಕಂಪನಿಯ ಮಳಿಗೆಯಲ್ಲಿ ಒಂದು ವಸ್ತು ಬಂತು: ಫೋನಿನ ಗಾಜು ಒರೆಸುವ ಬಟ್ಟೆ, ಅಂಗೈಯಗಲದ್ದು. ಹೆಂಡತಿ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಅಂಚು ಕೂಡ ಹೊಲಿದಿಲ್ಲವಲ್ರೀ ಇದಕ್ಕೆ" ಎಂದಳು.

ಆಮೇಲೆ ಪುಸ್ತಿಕೆಯನ್ನು ತಂದು ಓದಲು ಹೇಳಿದಳು. ಅವಳು ಗೌನಿಗೆ ಪಟ್ಟಿ ಕತ್ತರಿಸುತ್ತ ಕೂತಳು, ನಾನು ಗಟ್ಟಿಯಾಗಿ ಓದಿದೆ. ಮುದ್ರಣಾಲಯದ ಅಭ್ಯಾಸ, ಅಲ್ಪವಿರಾಮ ಬಂದಲ್ಲಿ ಅಲ್ಪವಿರಾಮ ಎಂದೂ ಓದುತ್ತಿದ್ದೆ. "ವಿರಾಮ ಎಲ್ಲ ಬಿಟ್ಟು ಓದಿ" ಎಂದಳು. ಹದಿನೇಳನೆಯ ಪುಟ ಹೇಳಿತು: ಅರ್ಹ ಖರೀದಿಗಳಿಗೆ ಬಡ್ಡಿರಹಿತ ಕಂತು.

"ಅರ್ಹ ಅಂದ್ರೆ ಯಾವುದು?"

ನಾಲ್ಕನೆಯ ಪುಟಕ್ಕೆ ಹೋದೆ. ಅರ್ಹ ಎಂದರೆ ಅನುಬಂಧ ಮೂರರಲ್ಲಿ ನಿರ್ದಿಷ್ಟಪಡಿಸಿದಂತೆ. ಅನುಬಂಧ ಇಪ್ಪತ್ತೊಂಬತ್ತನೆಯ ಪುಟದಲ್ಲಿತ್ತು: ಕಂಪನಿಯ ಮಳಿಗೆಯಲ್ಲಿ ಕೊಂಡ, ಕಂಪನಿಯೇ ತಯಾರಿಸಿದ ಉಪಕರಣಗಳು ಮಾತ್ರ. ಅದರಡಿ ನನ್ನದೇ ಸಹಿ ಇದ್ದ ಕರಡು ಈಗಲೂ ಮುದ್ರಣಾಲಯದ ಕಪಾಟಿನಲ್ಲಿದೆ.

"ಹಾಗಾದ್ರೆ ಫೋನನ್ನ ಕಂತಲ್ಲಿ ತಗೊಂಡು ಮೆಷಿನ್‌ಗೆ ದುಡ್ಡು ಕೊಡಬೇಕಿತ್ತು. ನಾವು ತಿರುಗಾಮುರುಗಾ ಮಾಡಿದ್ವಿ" ಎಂದಳು. ಮೂವತ್ತೆರಡು ಪುಟ ಅವಳಿಗೆ ಅರ್ಥವಾಗಲು ಕಾಲು ಗಂಟೆಯೂ ಬೇಕಾಗಲಿಲ್ಲ. ನಾವು ಎಂದಳು, ಮಾಡಿದವನು ನಾನೊಬ್ಬನೇ.

ಫೋನು ಮಾರಿದೆ. ಕೊಂಡ ಬೆಲೆಯಲ್ಲಿ ಮೂರರಲ್ಲೊಂದು ಪಾಲು ಬಂತು, ಅದು ಎರಡು ತಿಂಗಳಿನ ಮನೆಬಾಡಿಗೆಗೆ ಸರಿಹೋಯಿತು. ಈಗ ಮನೆಯಲ್ಲಿ ಮಾರುವಂಥದ್ದು ಮೆಷಿನ್ನೊಂದೇ. ಹಳೆಯ ಸಾಮಾನು ಕೊಳ್ಳುವವರು ನೋಡಿ ಹೋಗಿದ್ದಾರೆ, ಹದಿನೈದನೆಯ ತಾರೀಕು ಮತ್ತೆ ಬರುತ್ತಾರೆ. ಅದು ಹೋದರೆ ತುಳಿಯಲು ಹಳೆಯದೂ ಇಲ್ಲ. ಆಸ್ಪತ್ರೆಯ ಕೆಲಸ ಬೇರೆಯವರ ಪಾಲಾಗುತ್ತದೆ.

ಈ ಸ್ಥಿತಿಯಲ್ಲಿ ತಮ್ಮ ಕಚೇರಿಯ ಮೆಟ್ಟಿಲು ಹತ್ತಿದೆ. ನಮೂನೆಯ ಒಂಬತ್ತನೆಯ ಪ್ರಶ್ನೆ: "ಷರತ್ತುಗಳನ್ನು ಓದಿದ್ದೀರಾ?" ಎದುರಿಗೆ ಎರಡು ಚೌಕ, ಹೌದು ಮತ್ತು ಇಲ್ಲ. ಕಿಟಕಿಯ ಹಿಂದಿನ ಗುಮಾಸ್ತೆ ಒಳ್ಳೆಯ ಹೆಣ್ಣುಮಗಳು. ದನಿ ತಗ್ಗಿಸಿ ಹೇಳಿದರು: "ಇಲ್ಲ ಅಂತ ಗುರುತು ಹಾಕಿ ಸಾರ್. ಓದಿಲ್ಲ ಅಂದ್ರೆ ಬಡ್ಡಿ ಮನ್ನಾಗೆ ಕಳಿಸ್ತೀವಿ. ಹೌದು ಅಂದ್ರೆ ಫೈಲು ಇಲ್ಲಿಗೇ ಮುಗೀತು. ಎಲ್ಲರೂ ಇಲ್ಲ ಅಂತಲೇ ಹಾಕೋದು."

ಮಾನ್ಯರೇ, ಇದು ಎಂಥ ವ್ಯವಸ್ಥೆ? ಓದದವನಿಗೆ ಪರಿಹಾರ, ಓದಿದವನಿಗೆ ಶಿಕ್ಷೆ. ಓದಿಯೂ ತಿಳಿಯದವನೊಬ್ಬ ಇರಬಹುದೆಂದು ತಮ್ಮ ಕಚೇರಿಯಲ್ಲಿ ಯಾರಿಗೂ ಹೊಳೆಯಲೇ ಇಲ್ಲವೇ? ಒಂದು ಪದದ ಅರ್ಥ ಹುಡುಕಲು ಮೂರು ಕಡೆ ಅಲೆಸುವ ಪುಸ್ತಿಕೆಗೆ ಅನುಮತಿಯ ಮುದ್ರೆ ಒತ್ತಿದವರು ಅದನ್ನು ಓದಿದ್ದರೇ? ಓದಿದ್ದರೆ ತಿಳಿದಿತ್ತೇ? ಅಥವಾ ಅವರೂ ನನ್ನ ಹಾಗೆ ಕೊನೆಯ ಪದದಿಂದ ಹಿಂದಕ್ಕೆ ಓದಿ ಸಹಿ ಹಾಕಿದರೇ? ಹಾಗಿದ್ದರೆ ದಯವಿಟ್ಟು ತಿಳಿಸಿ, ಒಮ್ಮೆ ಜೊತೆಯಲ್ಲಿ ಕೂತು ಕಾಫಿ ಕುಡಿಯೋಣ.

ಪೆನ್ನು ಹಿಡಿದು ಕಿಟಕಿಯ ಮುಂದೆ ಬಹಳ ಹೊತ್ತು ನಿಂತೆ. ಇಲ್ಲ ಎಂಬ ಚೌಕದಲ್ಲಿ ಒಂದು ಗೆರೆ ಎಳೆದರೆ ಮೆಷಿನ್ನು ಉಳಿಯುತ್ತಿತ್ತು. ಕೈ ಬರಲಿಲ್ಲ. ಕೊನೆಗೆ ಅಡಿಪಟ್ಟಿ ಇಟ್ಟು ಅಚ್ಚುಕಟ್ಟಾಗಿ ಮೂರನೆಯ ಚೌಕ ಬರೆದೆ, ಪಕ್ಕದಲ್ಲಿ "ಓದಿದೆ, ಅರ್ಥವಾಗಲಿಲ್ಲ" ಎಂದು ಸೇರಿಸಿ ಗುರುತು ಹಾಕಿದೆ. ನನ್ನ ಇಡೀ ವೃತ್ತಿಜೀವನದಲ್ಲಿ ಅರ್ಥವನ್ನು ನೋಡಿ ಮಾಡಿದ ಮೊದಲ ತಿದ್ದುಪಡಿ ಅದು. ಅದಕ್ಕೇ ತಾವು ಕೆಂಪು ಶಾಯಿ ಹಚ್ಚಿದಿರಿ.

ಕಸುಬಿನ ಮರ್ಯಾದೆಗಾಗಿ ಹೀಗೆ ಮಾಡಿದೆ ಎಂದು ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅದು ಅರ್ಧ ನಿಜ. ಉಳಿದರ್ಧ ಇದು: ನಾನು ಓದಿದ್ದೇನೆ ಎಂಬ ಒಂದೇ ಮಾತಿನ ಮೇಲೆ ಅವಳು ಮೂರು ವರ್ಷದ ದುಡ್ಡನ್ನು ನನ್ನ ಕೈಗಿಟ್ಟಿದ್ದಳು. ಇಷ್ಟೆಲ್ಲ ಆದ ಮೇಲೆ ಅವಳೆದುರು ನನ್ನ ಬಳಿ ಉಳಿದಿರುವ ಸತ್ಯ ಅದೊಂದೇ. ದಡ್ಡ ಎಂದು ಬರೆದುಕೊಡಿ, ಸಹಿ ಹಾಕುತ್ತೇನೆ. ಓದದೆ ಓದಿದ್ದೇನೆಂದು ಹೆಂಡತಿಗೆ ಸುಳ್ಳು ಹೇಳಿದವನು ಎಂದು ಮಾತ್ರ ನನ್ನ ಕೈಯಿಂದಲೇ ಬರೆಸಬೇಡಿ.

ನನ್ನ ಬೇಡಿಕೆ ಇಷ್ಟು. ಆ ಮೂರನೆಯ ಚೌಕವನ್ನು ನಮೂನೆಯಲ್ಲಿ ಅಚ್ಚು ಹಾಕಿಸಿ. ಕರಡನ್ನು ನಾನು ಪುಕ್ಕಟೆ ನೋಡಿಕೊಡುತ್ತೇನೆ. ಫೋನಿನಿಂದಾದ ನಷ್ಟ ನನ್ನದು, ಅದನ್ನು ಕೇಳುವುದಿಲ್ಲ. ಮೆಷಿನ್ನಿನ ಮೇಲಿನ ಬಡ್ಡಿಯನ್ನು ಬಿಡಿಸಿ, ಉಳಿದ ಐದು ಕಂತನ್ನು ಗೌನಿನ ದುಡ್ಡಿನಲ್ಲಿ ಕಟ್ಟುತ್ತೇವೆ. ಉತ್ತರ ಹದಿನಾಲ್ಕರೊಳಗೆ ಬರಲಿ. ಹದಿನೈದರ ಬೆಳಿಗ್ಗೆ ಬಾಗಿಲು ತಟ್ಟುವವರು ತಮ್ಮ ಅಂಚೆಯವರೋ ಸಾಮಾನು ಕೊಳ್ಳುವವರೋ ಎಂದು ಅವಳು ಹೊಲಿಗೆ ನಿಲ್ಲಿಸಿ ಕಿವಿಗೊಡುವಂತೆ ಮಾಡಬೇಡಿ.

ಇಂತಿ,
ಓದಿ, ಸರಿಯಿದೆ ಎಂದು
ಮೂವತ್ತೆರಡು ಸಲ ಸಹಿ ಹಾಕಿದ
ಭೂತಗನ್ನಡಿ