ಕ್ಷಮಾವಣಿಯ ಮರುದಿನ

ಬೋರಗಾಂವ
ಮಂಗಳವಾರ, 9 ಸೆಪ್ಟೆಂಬರ್ 2025

ನನ್ನ ಮುದ್ದಿನ ಪ್ರಾಜಕ್ತಾಗೆ,

ನಿನ್ನ ಅವ್ವ ಮಾಡುವ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಅದನ್ನು ಬಿಟ್ಟಿದ್ದೇನೆ.

ನಿನ್ನೆ ಕ್ಷಮಾವಣಿ. ಪರ್ವದ ಹತ್ತು ದಿನ ಮುಗಿಸಿ ಬಸದಿಯ ಅಂಗಳದಲ್ಲಿ ಎಲ್ಲರೂ ಎಲ್ಲರಿಗೂ ಕೈಮುಗಿದು, ತಿಳಿದೋ ತಿಳಿಯದೆಯೋ ಆದ ತಪ್ಪಿಗೆ ಕ್ಷಮೆ ಕೇಳುತ್ತಿದ್ದೆವು. ವರ್ಷವಿಡೀ ಕಸದ ಬುಟ್ಟಿಯ ಸಲುವಾಗಿ ನನ್ನೊಡನೆ ಜಗಳ ತೆಗೆಯುವ ಪಕ್ಕದ ಮನೆ ಲಕ್ಷ್ಮಿಬಾಯಿಯೂ ನನ್ನ ಕೈ ಹಿಡಿದು ‘ಉತ್ತಮ ಕ್ಷಮಾ’ ಎಂದಳು. ನಾನೂ ಎಂದೆ. ಇವತ್ತು ಬೆಳಿಗ್ಗೆ ಮತ್ತೆ ಶುರುವಾಯಿತು, ಆ ಮಾತು ಬೇರೆ. ಅಲ್ಲೇ ನಿಂತಿದ್ದಾಗ ಫೋನಿಗೆ ನಿನ್ನ ಮೆಸೇಜು ಬಂತು. ‘ಅವ್ವಾ, ನನ್ನಿಂದ ನಿನಗ ಭಾಳ ತ್ರಾಸ ಆತು. ಕ್ಷಮಾ ಮಾಡು.’ ನಾನು ಕೈಮುಗಿದ ಚಿತ್ರವೊಂದನ್ನು ಕಳಿಸಿ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಸುತ್ತ ಅಷ್ಟು ಜನರ ಹತ್ತಿರ ಕ್ಷಮೆ ಕೇಳಿದವಳಿಗೆ ಕೇಳಲೇಬೇಕಾದ ಒಬ್ಬಳ ಹತ್ತಿರ ಬಾಯಿ ಬರಲಿಲ್ಲ.

ಈಗ ಮಧ್ಯಾಹ್ನ. ಕರೆಂಟು ಹೋಗಿ ಮಗ್ಗಗಳು ನಿಂತಿವೆ. ನಿಮ್ಮಪ್ಪ ನೂಲು ತರಲು ಹೋಗಿದ್ದಾರೆ, ನಿನ್ನ ಅಣ್ಣ ಸಮ್ಮೇದ ಮಲಗಿದ್ದಾನೆ. ಇದು ಫೋನಿನಲ್ಲಿ ಹೇಳುವ ಮಾತಲ್ಲ ಎಂದು ಕಾಗದ ಹಿಡಿದು ಕೂತಿದ್ದೇನೆ. ಕೊಲ್ಲಾಪುರಕ್ಕೆ ಟಪಾಲು ಎರಡು ದಿನದಲ್ಲಿ ಮುಟ್ಟುತ್ತದೆ. ನಿನ್ನ ಹಾಸ್ಟೆಲಿನವರು ಒಡೆದು ನೋಡುವುದಿಲ್ಲವಷ್ಟೇ?

ಜುಲೈ ಹದಿನೇಳರಂದು ಬೆಳಗಾವಿಯಲ್ಲಿ ನೀನು ಆರು ದಿನದ ಕೂಸನ್ನು ಮಕ್ಕಳ ಕಲ್ಯಾಣ ಸಮಿತಿಯವರ ಮುಂದೆ ಒಪ್ಪಿಸಿ ಸಹಿ ಮಾಡಿದೆಯಲ್ಲ, ಹೊರಗೆ ಬಂದಾಗ ಶಿಶುಗೃಹದ ಕಮಲಾಬಾಯಿ ನನ್ನ ಕೈಗೆ ಮಡಚಿದ ಕಾಗದವೊಂದನ್ನು ಕೊಟ್ಟಳು. ‘ಹುಡುಗಿ ಕೈಯಾಗ ಕೊಡ್ರಿ. ಮುಂದ ಏನೇನ ಆಗ್ತೈತಿ ಅಂತ ಬರದೈತಿ’ ಎಂದಳು. ನಾನು ಕೊಡಲಿಲ್ಲ. ಶೇವಗಿ ಡಬ್ಬಿಯ ತಳದಲ್ಲಿ ಇಟ್ಟಿದ್ದೆ. ಈಗ ತೆಗೆದು ಎದುರಿಗಿಟ್ಟುಕೊಂಡಿದ್ದೇನೆ.

ಕೆಲವು ವಾರ ಎದೆಹಾಲು ಬರುತ್ತದೆ, ಗಾಬರಿಯಾಗಬೇಡಿ ಎಂದಿದೆ. ಅದನ್ನು ನಾವಿಬ್ಬರೂ ಕಾಗದವಿಲ್ಲದೆಯೇ ಕಂಡೆವು. ಮೈ ತಿಕ್ಕಲು ಬರುತ್ತಿದ್ದ ಲಗಮವ್ವ ಹೇಳಿದಳೆಂದು ದಿನಾ ಮೊಳಗಟ್ಟಲೆ ಮಲ್ಲಿಗೆ ತಂದು ನಿನ್ನ ಎದೆಗೆ ಕಟ್ಟಿದೆ. ‘ಬ್ಯಾಡವ್ವಾ, ಬತ್ತಸಬ್ಯಾಡ’ ಎಂದು ನೀನು ಕೈ ಹಿಡಿದೆ. ನಾನು ಗಂಟನ್ನು ಇನ್ನಷ್ಟು ಬಿಗಿದೆ. ಕಾರಣವಿಲ್ಲದೆ ಅಳು ಬರುತ್ತದೆಯಂತೆ. ಬಸ್ಸಿನಲ್ಲಿ ಯಾರದೋ ಕೂಸು ಅತ್ತರೆ ಜೀವ ಹಾರಿದಂತಾಗುತ್ತದೆಯಂತೆ. ವರ್ಷಾ ವರ್ಷಾ ಆ ತಾರೀಖು ಬಂದಾಗ ಮನಸ್ಸು ಮರೆತರೂ ಮೈ ಮರೆಯುವುದಿಲ್ಲವಂತೆ. ದುಃಖ ಹೋಗುತ್ತದೆ ಎಂದು ಎಲ್ಲೂ ಬರೆದಿಲ್ಲ, ಅದರ ಜೊತೆ ಬದುಕುವುದು ರೂಢಿಯಾಗುತ್ತದೆ ಎಂದಷ್ಟೇ ಇದೆ. ನಂಬಿಕೆಯವರ ಹತ್ತಿರ ಮಾತಾಡಿ ಎಂದಿದೆ. ನಾನು ‘ಯಾರ ಮುಂದೂ ಬಾಯಿ ಬಿಡಬ್ಯಾಡ’ ಎಂದು ಆಣೆ ಹಾಕಿಸಿ ನಿನ್ನನ್ನು ಕಾಲೇಜಿಗೆ ಕಳಿಸಿದೆ.

‘ನಿಮ್ಮವರ ಮೇಲೆಯೇ ಸಿಟ್ಟು ಬರಬಹುದು’ ಎಂದೊಂದು ಸಾಲಿದೆ. ಅದಕ್ಕೆ ಹೆದರಿ ಕಾಗದವನ್ನು ಮುಚ್ಚಿಟ್ಟೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಮುಚ್ಚಿಟ್ಟದ್ದು ಅದರ ಕೆಳಗಿನ ಸಾಲಿಗೆ ಹೆದರಿ. ಅರವತ್ತು ದಿನದೊಳಗೆ ತಾಯಿಯ ಮನಸ್ಸು ಬದಲಾದರೆ ಕೂಸನ್ನು ಮರಳಿ ಪಡೆಯಬಹುದು ಎಂದು ಅಲ್ಲಿ ಬರೆದಿದೆ.

ಹೌದು, ಪ್ರಾಜೂ. ಸಮಿತಿಯಲ್ಲಿ ಇದನ್ನು ಓದಿಯೂ ಹೇಳಿದ್ದರು. ನೀನು ಜ್ವರದಲ್ಲಿ, ಬಾಗಿಲ ಕಡೆ ನೋಡುತ್ತ ಕೂತಿದ್ದೆ. ನಿನ್ನ ಕಿವಿಗೆ ಬಿದ್ದಿಲ್ಲ ಎಂದು ನನಗೆ ಗೊತ್ತಿತ್ತು. ಮನೆಗೆ ಬಂದ ಮೂರನೆಯ ದಿನ ನಾನು ಜೋಳದ ಹಿಟ್ಟು ನಾದುತ್ತಿದ್ದಾಗ ನೀನು ಬಂದು ಕೇಳಿದೆ. ‘ಅವ್ವಾ, ಹೋಗಿ ಕೇಳಿದರ ತಿರುಗಿ ಕೊಡ್ತಾರೇನ?’ ನಾನು ತಲೆ ಎತ್ತಲಿಲ್ಲ. ‘ಸಹಿ ಆದಮ್ಯಾಲ ಮುಗೀತು ಬೇ. ಅದೀಗ ಸರಕಾರದ ಕೂಸು’ ಎಂದೆ. ನೀನು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಮತ್ತೆ ಅದನ್ನೇ ಹೇಳುತ್ತಿದ್ದೆ.

ಕಮಲಾಬಾಯಿ ಮೂರು ಸಲ ಫೋನ್ ಮಾಡಿದಳು. ಫಾರ್ಮಿನಲ್ಲಿ ಇದ್ದದ್ದು ನನ್ನ ನಂಬರು. ಯಾರಿಗೂ ಕೇಳಿಸದಿರಲಿ ಎಂದು ಪ್ರತಿ ಸಲವೂ ಓಡುವ ಮಗ್ಗಗಳ ನಡುವೆ ಹೋಗಿ ನಿಂತೆ. ‘ಏನ್ ಗದ್ದಲ ಐತ್ರಿ ಅಲ್ಲೆ? ಹುಡುಗಿ ಕೈಯಾಗ ಫೋನ್ ಕೊಡ್ರಿ’ ಎಂದಳು. ಮೊದಲ ಸಲ ಮಲಗಿದ್ದಾಳೆ ಎಂದೆ. ಎರಡನೆಯ ಸಲ ಕಾಲೇಜಿಗೆ ಹೋಗಿದ್ದಾಳೆ, ಆಕೆಗೆ ಕೂಸು ಬೇಡವಂತೆ ಎಂದೆ. ಮೂರನೆಯ ಸಲ ಅವಳು ಕುಂಚಿಗಿಯ ಮಾತು ತೆಗೆದಳು. ‘ಬಿಟ್ಟು ಹೋಗೋ ಕೂಸಿಗೆ ಯಾರೂ ಕುಂಚಿಗಿ ಹೊಲ್ಯಾಂಗಿಲ್ರಿ. ನೀವು ಬಂದ ಬರ್ತೀರಿ ಅಂತ ನಾ ತಿಳಕೊಂಡೇನಿ’ ಎಂದಳು.

ಕೂಸಿನ ತಲೆಗೂ ಬೆನ್ನಿಗೂ ಹೊದಿಸಿದ್ದ ಆ ಕುಂಚಿಗಿ ಆಸ್ಪತ್ರೆಯವರು ಕೊಟ್ಟದ್ದು ಎಂದು ನಿನಗೆ ಹೇಳಿದ್ದೆ. ಅದನ್ನು ಹೊಲಿದವಳು ನಾನು. ತಾಯಿಯ ತಾಯಿ ತನ್ನ ಸೀರೆಯಲ್ಲಿ ಮೊದಲ ಕುಂಚಿಗಿ ಹೊಲಿಯಬೇಕಲ್ಲ, ನನ್ನ ಮದುವೆಯ ಇಳಕಲ್ಲ ಸೀರೆಯ ಸೆರಗನ್ನು ಕತ್ತರಿಸಿ ಹೊಲಿದೆ. ಬೆಳಿಗ್ಗೆ ಕೂಸನ್ನು ಒಪ್ಪಿಸುವ ಅರ್ಜಿಗೆ ಓಡಾಡುತ್ತಿದ್ದೆ, ಮಧ್ಯಾಹ್ನ ಕೂತು ಅದಕ್ಕೆ ಗೊಂಡೆ ಕಟ್ಟುತ್ತಿದ್ದೆ. ನನ್ನ ಬುದ್ಧಿ ನನಗೇ ತಿಳಿಯಲಿಲ್ಲ.

ನಿನಗೆ ಹೇಳದೆ ನಾನೊಬ್ಬಳೇ ಕೇಳಿಸಿಕೊಂಡದ್ದನ್ನೂ ಬರೆಯುತ್ತೇನೆ. ಕೂಸು ನಾಲ್ಕೂಕಾಲು ಕಿಲೋ ಆಗಿದೆ. ದನಿ ಬಂದ ಕಡೆ ಕತ್ತು ಹೊರಳಿಸುತ್ತದಂತೆ. ಎತ್ತಿಕೊಂಡರೆ ನಗುತ್ತದಂತೆ.

ಯಾಕೆ ಹೀಗೆ ಮಾಡಿದೆ ಎಂದು ನೀನು ಕೇಳುತ್ತೀ. ಕೂಸಿನ ಅಪ್ಪ, ಆ ಹುಡುಗ, ಮದುವೆಗೆ ಒಲ್ಲೆನೆಂದು ಕೈ ಝಾಡಿಸಿಕೊಂಡ. ಸಮ್ಮೇದನಿಗೆ ರಾಯಬಾಗದ ಹೆಣ್ಣು ಗೊತ್ತಾಗಿತ್ತು. ದೀಪಾವಳಿ ಮುಗಿದ ಮೇಲೆ ಲಗ್ನ. ನಿಮ್ಮಪ್ಪ ‘ನೀ ಹ್ಯಾಂಗ ಮಾಡ್ತಿ ಮಾಡು, ನನಗ ಕೇಳಬ್ಯಾಡ’ ಎಂದು ಮಗ್ಗದ ಮನೆ ಸೇರಿದರು. ಕೂಸಿನ ಜೊತೆ ನೀನು ಈ ಅಂಗಳದಲ್ಲಿ ಕೂತರೆ ಬೀಗರು ಏನೆಂದಾರು ಎಂದು ಹಗಲೆಲ್ಲ ಅದೇ ಎಣಿಕೆ. ಒಬ್ಬ ಮಗನ ಲಗ್ನಕ್ಕೆ ಮಗಳ ಹೊಟ್ಟೆಯನ್ನು ಬರಿದು ಮಾಡಿದೆ. ಬೇರೆ ಚಂದದ ಕಾರಣ ನನ್ನ ಹತ್ತಿರ ಇಲ್ಲ.

ನಿನಗೆ ಮಲ್ಲಿಗೆ ಕಟ್ಟಿದ ದಿನದಿಂದ ನಾನು ಹಾಲು ಬಿಟ್ಟಿದ್ದೇನೆ. ಬಸದಿಗೆ ಬಂದ ಮುನಿ ಮಹಾರಾಜರ ಮುಂದೆ ನೇಮ ತೆಗೆದುಕೊಂಡೆ. ‘ತಾರಾಬಾಯಿ ಎಷ್ಟ ಕಠಿಣ ನೇಮ ಹಿಡದಾಳ ನೋಡ್ರಿ’ ಎಂದು ಬಸದಿಯಲ್ಲಿ ಹೊಗಳುತ್ತಾರೆ. ನಾನು ಕರಿ ಚಹಾ ಕುಡಿಯುತ್ತ ಸುಮ್ಮನೆ ಹೊಗಳಿಸಿಕೊಳ್ಳುತ್ತೇನೆ.

ಈಗ ಮುಖ್ಯ ಮಾತು. ಬರುವ ಸೋಮವಾರ, ಹದಿನೈದನೆಯ ತಾರೀಖು, ಅರವತ್ತನೆಯ ದಿನ. ಅದರೊಳಗೆ ನೀನೇ ಹೋಗಿ ಕೂಸು ಬೇಕು ಎಂದು ಬರೆದುಕೊಡಬೇಕು. ಆಧಾರ್ ಕಾರ್ಡು ಒಯ್ಯಿ. ಕಮಲಾಬಾಯಿಯ ನಂಬರನ್ನು ಈ ಹಾಳೆಯ ಬೆನ್ನಿಗೆ ಬರೆದಿದ್ದೇನೆ. ಆ ದಿನ ದಾಟಿದರೆ ಕೂಸು ಯಾರ ಮನೆ ಸೇರಿತೆಂದು ಯಾರೂ ನಿನಗೆ ಹೇಳುವುದಿಲ್ಲ. ಹದಿನೆಂಟು ತುಂಬಿದ ಮೇಲೆ ಅವಳಾಗಿ ನಿನ್ನನ್ನು ಹುಡುಕಿದರೆ ಉಂಟು, ನೀನು ಹುಡುಕುವಂತಿಲ್ಲ. ಬೇಡವೆನ್ನಿಸಿದರೆ ಬೇಡ, ಓದು ಮುಗಿಸು. ಆದರೆ ಬೇಕೋ ಬೇಡವೋ ಎಂದು ಹೇಳುವವಳು ನೀನಾಗಿರಬೇಕು. ಕರೆದುಕೊಂಡು ಬಂದರೆ ಬಾಗಿಲು ತೆಗೆಯುತ್ತೇನೆ. ಬೀಗರು ಹೋದರೆ ಹೋಗಲಿ.

ತಿಳಿದೂ ತಿಳಿದೂ ಮಾಡಿದ ತಪ್ಪಿಗೆ ನಿನ್ನ ಅವ್ವನನ್ನು ಕ್ಷಮಿಸು.

ನಿನ್ನ ಅವ್ವ,
ತಾರಾಬಾಯಿ

ತಾ.ಕ.: ಗುರುವಾರ, 18 ಸೆಪ್ಟೆಂಬರ್. ಈ ಪತ್ರವನ್ನು ಬರೆದ ದಿನವೇ ಲಕೋಟೆಗೆ ಹಾಕಿ, ಅಂಟು ಹಚ್ಚಿ, ಟಪಾಲು ಕಚೇರಿಯ ಕಟ್ಟೆಯವರೆಗೆ ಒಯ್ದಿದ್ದೆ. ರಾಯಬಾಗದ ಬೀಗರು ಜವಳಿಯ ಮಾತಿಗೆ ಬಂದಿದ್ದಾರೆಂದು ಸಮ್ಮೇದ ಕರೆಯಲು ಬಂದ. ತಿರುಗಿ ಬಂದು ಶೇವಗಿ ಡಬ್ಬಿಯಲ್ಲಿಟ್ಟೆ. ನಾಳೆ ಹಾಕಿದರಾಯಿತು ಎನ್ನುತ್ತ ಸೋಮವಾರ ದಾಟಿತು. ಮೊನ್ನೆ ಕಮಲಾಬಾಯಿ ಫೋನ್ ಮಾಡಿ, ‘ಅವಧಿ ಮುಗೀತ್ರಿ. ಕುಂಚಿಗಿ ತಿರುಗಿ ಕಳಸ್ಲೇನ್ರಿ?’ ಎಂದು ಕೇಳಿದಳು. ಕೂಸಿನ ಸಂಗಡ ಹೋಗಲಿ ಎಂದೆ.

ಕ್ಷಮಿಸು ಎಂದು ಬರೆದ ಸಾಲನ್ನು ಹೊಡೆದುಹಾಕಿದ್ದೇನೆ, ಕಣ್ಣಿಗೆ ಬಿದ್ದರೂ ಓದಬೇಡ. ಇದು ಫೋನಿನಲ್ಲಿ ಹೇಳುವ ಮಾತಲ್ಲ ಎಂದೂ ಮೇಲೆ ಬರೆದಿದ್ದೇನೆ. ಅದೂ ಸುಳ್ಳು. ‘ಸೋಮವಾರದೊಳಗ ಹೋಗು’ ಎಂದರೆ ಸಾಕಿತ್ತು. ಪತ್ರ ಬರೆಯಲು ಕೂತದ್ದೇ ತಡವಾಗಲಿ ಎಂದು ಇರಬೇಕು. ಆ ಆರು ದಿನವೂ ಸಂಜೆ ನೀನು ತಪ್ಪದೆ ಫೋನ್ ಮಾಡಿದೆ. ‘ಊಟ ಆತೇನವ್ವಾ?’ ಎಂದು ಕೇಳಿದೆ. ಆತು ಎಂದೆ.