ಒಮ್ಮೆಯೂ ಕೆಂಪಾಗದ ಸಾಲು

ಮಾರ್ಚ್ 3, ಸೋಮವಾರ. ಮಧ್ಯಾಹ್ನ 12

ಪರೀಕ್ಷೆಯ ಪಟ್ಟಿ ಎಪ್ಪತ್ತೊಂದನೆಯ ಸಾಲಿನವರೆಗೆ ಮುಗಿಯಿತು. ಇನ್ನು ಅರವತ್ತೊಂಬತ್ತು. ರೋಗಿಗಳು ಮನೆಯಿಂದಲೇ ಡಾಕ್ಟರ ಸಮಯ ಗೊತ್ತುಮಾಡಿಕೊಳ್ಳುವ ವೆಬ್‌ಪೇಜ್. ಹೊಸದಾಗಿ ಏನು ಸೇರಿಸಿದರೂ ನಾನು ಮೊದಲಿನಿಂದ ಒತ್ತಿ ನೋಡಬೇಕು — ಬಟನ್, ತಾರೀಕಿನ ಬಾಕ್ಸ್, ಹೆಸರಿನ ಬಾಕ್ಸ್. ಸರಿಯಿದ್ದರೆ ಟಿಕ್. ಓದಿದ್ದು ನಾಲ್ಕನೇ ಕ್ಲಾಸ್. ಆದರೂ ಈ ಪೇಜ್ ನನಗೆ ಅಂಗೈಯಷ್ಟೇ ಚೆನ್ನಾಗಿ ಗೊತ್ತು.

ದೊಡ್ಡವರು ಕರೆದಿದ್ದರು. ಆಫೀಸ್ ಅವರದ್ದೇ. ಹೊಸ ಇಂಜಿನಿಯರ್ ಆಟೊಮೇಟೆಡ್ ಟೆಸ್ಟ್ ಬರೆಯುತ್ತಾರಂತೆ. ನನ್ನ ನೂರ ನಲವತ್ತು ಸಾಲನ್ನೂ ಕಂಪ್ಯೂಟರೇ ಒಂದು ನಿಮಿಷದಲ್ಲಿ ನೋಡಿಬಿಡುತ್ತದಂತೆ. ಶುಕ್ರವಾರ ಮೀಟಿಂಗ್. ನಾನು ಇರಬೇಕೋ ಬೇಡವೋ ಅಲ್ಲೇ ತೀರ್ಮಾನ. ತಲೆಯಾಡಿಸಿದೆ.

ಮಾರ್ಚ್ 4, ಮಂಗಳವಾರ

ಇಂಜಿನಿಯರ್ ಪಕ್ಕ ಕೂತೆ. ಕನ್ನಡಕ ಹಣೆಗೇರಿಸಿಕೊಂಡು ಅದನ್ನೇ ಮೇಜಿನ ಮೇಲೆಲ್ಲ ಹುಡುಕುವ ಮನುಷ್ಯ. ನನ್ನ ಮಟ್ಟಿಗೆ ಕನ್ನಡಕದ ಸರ್. ಪೇಜನ್ನು ಬಿಡಿಬಿಡಿಯಾಗಿ ಬಿಚ್ಚಿಟ್ಟಿದ್ದಾರೆ. ಒಂದೊಂದು ಭಾಗಕ್ಕೂ ಬೇರೆ ಟೆಸ್ಟ್. ಪಾಸಾದರೆ ಹಸಿರು ಸಾಲು, ಫೇಲಾದರೆ ಕೆಂಪು.

ತಾರೀಕಿನ ಬಾಕ್ಸಿನಲ್ಲಿ ಏನೇನು ನೋಡುತ್ತೀಯ ಎಂದರು. ಕಳೆದುಹೋದ ದಿನ ಒತ್ತಿದರೆ ಬೇಡ ಅನ್ನಬೇಕು. ಡಾಕ್ಟರ ರಜೆ ತೋರಿಸಬೇಕು... ಹೇಳುತ್ತಾ ಹೋದೆ, ಬರೆಯುತ್ತಾ ಹೋದರು. ಈ ಆಫೀಸಿನಲ್ಲಿ ಇಷ್ಟು ಮಾತು ನಾನು ಆಡಿದ್ದೇ ಇಲ್ಲ.

ರಾತ್ರಿ ಮನೆಯಲ್ಲಿ ಅಕ್ಕನಿಗೆ ಹೇಳಿದೆ. ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ನನ್ನನ್ನೇ ನೋಡಿದಳು.

"ನಿನ್ನ ಕೆಲಸಾನ ನೀನೇ ಹೊತ್ಕೊಂಡು ಹೋಗಿ ಅವರ ಮಡಿಲಿಗೆ ಹಾಕ್ತಿದ್ದೀಯಲ್ಲೇ, ಪೆದ್ದಿ."

ಕೇಳಿದರು, ಹೇಳಿದೆ. ಗೊತ್ತಿರುವುದನ್ನು ಮುಚ್ಚಿಡಲು ನನಗೆ ಬರುವುದಿಲ್ಲ.

ಮಾರ್ಚ್ 6, ಗುರುವಾರ. ಸಂಜೆ

ನೂರ ನಲವತ್ತೂ ಹಸಿರು. ಕನ್ನಡಕದ ಸರ್ ಲ್ಯಾಪ್‌ಟಾಪ್ ಹಿಡಿದು ಎಲ್ಲರಿಗೂ ತೋರಿಸಿ ಬಂದರು.

ಅಭ್ಯಾಸ ಬಿಡಬೇಕಲ್ಲ. ಹಸಿರಿದ್ದರೂ ಕೈಯಿಂದ ಒಮ್ಮೆ ನೋಡಿದೆ. ನಿನ್ನೆಯ ತಾರೀಕು ಒತ್ತಿದೆ. ತೆಗೆದುಕೊಂಡೇಬಿಟ್ಟಿತು! ನಾಲ್ಕು ಸಲ ಒತ್ತಿದೆ. ನಾಲ್ಕು ಸಲವೂ ಸರಿ ಎಂದಿತು. ಅತ್ತ ಟೆಸ್ಟಿನಲ್ಲಿ ಅದೇ ಸಾಲು ಹಸಿರು. ಬರೆಯುವಾಗ ಎಷ್ಟೋ ಸಾಲು ಕೆಂಪಾಗಿ, ಆಮೇಲೆ ಸರಿಹೋಗಿದ್ದವು. ಇದು ಕೆಂಪಾಗಿದ್ದನ್ನು ನಾನಂತೂ ಕಂಡಿಲ್ಲ.

ಹೇಳಬೇಕು. ಕುರ್ಚಿ ಉಳಿಸಿಕೊಳ್ಳಲು ತಪ್ಪು ಹುಡುಕುತ್ತಿದ್ದಾಳೆ ಅಂದುಕೊಂಡರೆ? ಅವರ ಮೇಜಿನವರೆಗೆ ಹೋದೆ, ನೀರು ಕುಡಿದೆ, ವಾಪಸ್ ಬಂದೆ. ಎರಡು ಸಲ. ಸೋಮವಾರ ಪೇಜ್ ಆಸ್ಪತ್ರೆಗೆ ಹೋಗುತ್ತದೆ. ಯಾರೋ ಜ್ವರದಲ್ಲಿ ತಪ್ಪು ತಾರೀಕು ಒತ್ತಿ, ಸಮಯ ಸಿಕ್ಕಿತು ಅಂತ ನಂಬಿ ಅಷ್ಟು ದೂರ ಬಂದು...

ನಾಳೆ ಹೇಳಿಯೇ ಹೇಳುತ್ತೇನೆ.

ಮಾರ್ಚ್ 7, ಶುಕ್ರವಾರ. ಮಧ್ಯಾಹ್ನ 1

ಹೇಳಿದೆ.

ದೊಡ್ಡವರು ಹಸಿರು ಪಟ್ಟಿ ನೋಡಿ ಖುಷಿಯಾಗಿದ್ದರು. ನನ್ನ ಕಡೆ ತಿರುಗಿ, ಏನಾದರೂ ಹೇಳುವುದಿದೆಯಾ ಎಂದರು. ಬೀಳ್ಕೊಡುವವರ ದನಿ. ಎದ್ದು ನಿಂತೆ.

"ತಾರೀಕಿನ ಸಾಲು ಯಾವತ್ತಾದ್ರೂ ಕೆಂಪಾಗಿದ್ದು ನೋಡಿದ್ದೀರಾ ಸರ್?"

ಕನ್ನಡಕದ ಸರ್ ನಕ್ಕರು. "ಸರಿಯಾಗಿದ್ರೆ ಯಾಕಮ್ಮ ಕೆಂಪಾಗುತ್ತೆ?"

"ಹಾಗಾದ್ರೆ ಬೇಕಂತಲೇ ಕೆಡಿಸಿ ನೋಡೋಣ. ಆ ಬಾಕ್ಸನ್ನೇ ತೆಗೆದುಬಿಡಿ."

ತೆಗೆದರು. ಪೇಜಿನಲ್ಲಿ ತಾರೀಕಿನ ಬಾಕ್ಸೇ ಇಲ್ಲ. ಟೆಸ್ಟ್ ರನ್ ಮಾಡಿದರು. ಹಸಿರು.

ಸರ್ ಕನ್ನಡಕವನ್ನು ಹಣೆಯಿಂದ ಕಣ್ಣಿಗೆ ಇಳಿಸಿಕೊಂಡರು — ಹುಡುಕದೆಯೇ. ಹತ್ತು ನಿಮಿಷಕ್ಕೆ ತಪ್ಪು ಸಿಕ್ಕಿತು. ಬಾಕ್ಸ್ ಉತ್ತರ ಕೊಡಲು ಕ್ಷಣ ಹೊತ್ತು ಬೇಕು. ಟೆಸ್ಟ್ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯದೆ ಎದ್ದು ಹೋಗುತ್ತಿತ್ತು. ತಪ್ಪು ಉತ್ತರ ಕಿವಿಗೇ ಬೀಳದಿದ್ದರೆ ಪಾಸೇ ತಾನೆ. ಕಾಯಬೇಕು ಎನ್ನುವ ಒಂದೇ ಪದ ಬಿಟ್ಟುಹೋಗಿತ್ತು. ಸೇರಿಸಿದರು. ಸಾಲು ಕೆಂಪಾಯಿತು. ಬಾಕ್ಸ್ ವಾಪಸ್ ಇಟ್ಟರೂ ಕೆಂಪು; ಕಳೆದುಹೋದ ದಿನಕ್ಕೆ ಅದು ಬೇಡ ಅನ್ನುವಂತೆ ಸರಿಮಾಡಿದ ಮೇಲೇ ಹಸಿರು.

"ಇವಳು ನನ್ನ ಪಕ್ಕ ಕೂರಲಿ ಸರ್," ಎಂದರು ದೊಡ್ಡವರಿಗೆ. "ಬರೆಯೋದು ನಾನು ಕಲಿಸ್ತೀನಿ."

ದೊಡ್ಡವರು ಯೋಚಿಸಿದರು. ಒಂದು ವಾರ ಕೊಟ್ಟಿದ್ದಾರೆ. ಒಂದು ಟೆಸ್ಟ್ ನಾನೇ ಬರೆದು ತೋರಿಸಬೇಕು. ಬರೆದರೆ ಇರಬಹುದು, ಆಗದಿದ್ದರೆ ಇಲ್ಲ.

ಆಗುತ್ತದೆ.

ಮಾರ್ಚ್ 14, ಶುಕ್ರವಾರ. ಸಂಜೆ 4

ವಾರವಿಡೀ ಬರೆಯಲು ಪುರುಸೊತ್ತಿಲ್ಲ. ಇಂಗ್ಲಿಷ್ ಪದಗಳನ್ನು ಓದುವುದಕ್ಕಿಂತ ಮುಖ ನೋಡಿ ಗುರುತು ಹಿಡಿಯುತ್ತೇನೆ. ಸಾಕು. ಆಫೀಸಿನಲ್ಲಿ ಕೆಡಿಸಲು ಕೂರಿಸಿದ್ದಾರೆ ಎಂದರೆ ಭಾವ, ಮನೇಲಿ ನೀನು ಇಷ್ಟು ವರ್ಷ ಪ್ರಾಕ್ಟೀಸ್ ಮಾಡಿದ್ದು ವ್ಯರ್ಥ ಆಗಲಿಲ್ಲ ಅಂತ ನಗುತ್ತಾರೆ.

ನನ್ನ ಟೆಸ್ಟ್ ಒಂಬತ್ತು ಸಾಲು. ಹೆಸರಿನ ಬಾಕ್ಸ್ ಖಾಲಿ ಬಿಟ್ಟರೆ ಮುಂದಕ್ಕೆ ಹೋಗಬಾರದು. ಮೊದಲು ಬಾಕ್ಸನ್ನು ಕೆಡಿಸಿ ರನ್ ಮಾಡಿದೆ. ಕೆಂಪು. ಹಿಂದೆ ನಿಂತಿದ್ದ ದೊಡ್ಡವರು ನಿಟ್ಟುಸಿರು ಬಿಟ್ಟರು.

"ಮೊದಲು ಕೆಂಪೇ ಬೇಕು ಸರ್," ಎಂದೆ.

ಬಾಕ್ಸನ್ನು ಸರಿಮಾಡಿದೆ. ಈಗ ನೂರ ನಲವತ್ತೊಂದೂ ಓಡುತ್ತಿವೆ. ದೊಡ್ಡವರು ಫೋನ್ ಬಂತೆಂದು ಬಾಗಿಲ ಬಳಿ ಹೋಗಿದ್ದಾರೆ. ಒಂದು ನಿಮಿಷ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ನೂರು ದಾಟಿತು... ನೂರ ಮೂವತ್ತು. ಕಡೆಯದು ನನ್ನದು. ಕಾಯುತ್ತಿದೆ. ಕಾಯಲಿ — ಕಾಯುವುದನ್ನು ಕಲಿಸಿದವಳು ನಾನೇ. ಕನ್ನಡಕದ ಸರ್ ಎದ್ದು ನಿಂತರು, ದೊಡ್ಡವರನ್ನು ಕರೆಯುತ್ತಿದ್ದಾರೆ, ಹಸಿ—